ಕಡಲಪಾಚಿಯ ಮಿಕ್ಸ್ ಪ್ಯಾಕೆಟ್: ನಾಲ್ಕರಲ್ಲಿ ಎರಡಕ್ಕಷ್ಟೇ ಡಿಸ್‌ಪ್ಲೇ ಟ್ಯಾಂಕ್‌ನಲ್ಲಿ ಜಾಗ

ಮಂಗಳೂರಿನ ಅಕ್ವೇರಿಯಂ ಅಂಗಡಿಯೊಂದರಲ್ಲಿ ಸಿಗುವ ಈ ಪ್ಯಾಕೆಟ್‌ನಲ್ಲಿ ಕೆಂಪು ಗ್ರಾಸಿಲೇರಿಯಾ, ಹ್ಯಾಲಿಮಿಡಾ, ಕೀಟೊಮಾರ್ಫಾ ಮತ್ತು ಕಾಲರ್ಪಾ ಪ್ರೊಲಿಫೆರಾ ಇರುತ್ತವೆ. ಗ್ರಾಸಿಲೇರಿಯಾ ಒಂದಕ್ಕೇ ದುಡ್ಡು ಕೊಡಬಹುದು, ಅಷ್ಟು ಚೆನ್ನಾಗಿದೆ. ಹ್ಯಾಲಿಮಿಡಾ ಬುಡಸಮೇತ ಬಂದಿದ್ದರೆ ಲಾಭ. ಕೀಟೊಮಾರ್ಫಾದ ಜಾಗ ಡಿಸ್‌ಪ್ಲೇ (ಮೀನು, ಹವಳ ಕಾಣುವ ಮುಖ್ಯ ಟ್ಯಾಂಕ್) ಅಲ್ಲ, ಸಂಪ್, ಅಂದರೆ ಅದಕ್ಕೆ ಜೋಡಿಸಿದ ಫಿಲ್ಟರ್ ತೊಟ್ಟಿ. ಕಾಲರ್ಪಾ ರೀಫ್ ಟ್ಯಾಂಕ್‌ಗೆ (ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್) ಬೇಡವೇ ಬೇಡ. ಜತೆಗೆ ಕೊಡುವ ಚೀಟಿಯಲ್ಲಿ ‘ಬೆಳಕು ಸಾಕು, ಗೊಬ್ಬರ ಬೇಡ’ ಎಂದಿದೆ, ಅದನ್ನು ನಂಬಬೇಡಿ.

ಅಂಗಡಿಯಲ್ಲೇ ಚೀಲ ಬಿಚ್ಚಿಸಿ ಮೂಸಿ. ಕಡಲ ವಾಸನೆ ಸರಿ, ಕೊಳೆತ ಮೊಟ್ಟೆಯ ವಾಸನೆ ಬಂದರೆ ತರಬೇಡಿ. ಮನೆಗೆ ತಂದ ಮೇಲೆ ಟ್ಯಾಂಕ್‌ನ ಉಪ್ಪುನೀರನ್ನೇ ಬಕೆಟ್‌ಗೆ ತೆಗೆದುಕೊಂಡು ಗೊಂಚಲನ್ನು ಜೋರಾಗಿ ಅಲುಗಾಡಿಸಿ. ಸಣ್ಣ ಏಡಿ, ಕಳೆಯಂತೆ ಹಬ್ಬುವ ಐಪ್ಟೇಶಿಯಾ ಎಂಬ ಸಣ್ಣ ಅನಿಮೋನಿ, ಹಸಿರು ಗುಳ್ಳೆಯಂತಿರುವ ವಲೋನಿಯಾ ಪಾಚಿ ಕಂಡರೆ ಕೈಯಿಂದ ತೆಗೆಯಿರಿ. ವಲೋನಿಯಾ ಒಡೆಯಬಾರದು, ಅಂಟಿಕೊಂಡ ತುಂಡಿನ ಸಮೇತ ಕತ್ತರಿಸಿ ಎಸೆಯಬೇಕು. ಆಮೇಲೆ ಬೆಳಕು, ಸಣ್ಣ ಪಂಪ್ ಇರುವ ಬೇರೆ ಪಾತ್ರೆಯಲ್ಲಿ ಎರಡು ವಾರ.

ಗ್ರಾಸಿಲೇರಿಯಾವನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ, ಇಲ್ಲವೇ ಹತ್ತಿ ದಾರದಲ್ಲಿ ಕಲ್ಲಿಗೆ ಕಟ್ಟಿ. ಎಳೆಗಳು ಸದಾ ತೂಗಾಡುವಷ್ಟು ಹರಿವು ಬೇಕು, ಇಲ್ಲದಿದ್ದರೆ ನಡುವೆ ಕಸ ಕೂತು ಕೊಳೆಯುತ್ತದೆ. ದಿನಕ್ಕೆ 8ರಿಂದ 10 ಗಂಟೆ ಬೆಳಕು ಸಾಕು. ಹವಳಕ್ಕೆಂದು ಬರೀ ನೀಲಿ ಎಲ್‌ಇಡಿ ಹಚ್ಚುವವರಿಗೆ ಈ ಪಾಚಿ ಕಪ್ಪಾಗಿ ಕಾಣುತ್ತದೆ; ಬಿಳಿಯನ್ನೂ ಸೇರಿಸಿದರೆ ಆ ಕೆಂಪು ನಿಜಕ್ಕೂ ಕಣ್ಣು ತುಂಬುತ್ತದೆ.

ಕೆಂಪು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಹೆಚ್ಚಿನವರು ಬೆಳಕು ಕಡಿಮೆಯಾಯಿತೆಂದು ಇನ್ನಷ್ಟು ಹಚ್ಚುತ್ತಾರೆ. ಅದು ಸಾಮಾನ್ಯವಾಗಿ ಸಾರಜನಕದ ಹಸಿವು, ಬೆಳಕು ಹೆಚ್ಚಿಸಿದಷ್ಟೂ ಹಸಿವೂ ಹೆಚ್ಚು. ಕಡಲಪಾಚಿಯ ದೇಹದಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದವು ಸುಮಾರು 30 ಇರುತ್ತವೆ. ಹಾಗಾಗಿ ರಂಜಕ ಕೊಡುವ ಫಾಸ್ಫೇಟ್ ಇನ್ನೂ ಉಳಿದಿರುವಾಗಲೇ ಸಾರಜನಕ ಕೊಡುವ ನೈಟ್ರೇಟ್ ಸೊನ್ನೆಗೆ ಬಂದಿರಬಹುದು. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.05ರಿಂದ 0.1 ಇರಲಿ, ಹವಳಗಳಿಗೂ ಇದು ತೊಂದರೆಯಲ್ಲ. ನೈಟ್ರೇಟ್ ಸೊನ್ನೆಯಾದರೆ 100 ಲೀಟರಿಗೆ 0.7 ಗ್ರಾಂ ಸೋಡಿಯಂ ನೈಟ್ರೇಟ್ ಸುಮಾರು 5 ಪಿಪಿಎಂ ಏರಿಸುತ್ತದೆ. ಒಮ್ಮೆಗೇ ಸುರಿಯದೆ ಮೂರು ದಿನಕ್ಕೆ ಹಂಚಿ. ಕಲ್ಲು, ಮರಳು ಹಿಡಿದ ಜಾಗವನ್ನು ಲೀಟರ್ ಲೆಕ್ಕದಿಂದ ಕಳೆಯಲು ಮರೆಯಬೇಡಿ. ಫಾಸ್ಫೇಟ್ ಹೀರುವ ಫಿಲ್ಟರ್ ಮೀಡಿಯಾ ಓಡುತ್ತಿದ್ದರೆ ನಿಲ್ಲಿಸಿ.

ಹ್ಯಾಲಿಮಿಡಾ ಸುಣ್ಣ ಕಟ್ಟಿಕೊಂಡು ಬೆಳೆಯುವ ಪಾಚಿ. ಕ್ಯಾಲ್ಸಿಯಂ 400 ಪಿಪಿಎಂಗಿಂತ ಮೇಲೆ, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8 ಡಿಕೆಎಚ್ (ಅದರ ಅಳತೆ) ಆಸುಪಾಸು ಇರಬೇಕು. ಬುಡದಲ್ಲಿ ಮರಳು ಹಿಡಿದ ಗಡ್ಡೆ ಇದೆಯೇ ನೋಡಿ, ಅದು ಹರಿದಿದ್ದರೆ ಗಿಡ ಉಳಿಯುವುದು ಕಷ್ಟ. ಬೆಳಿಗ್ಗೆ ದೀಪ ಹಚ್ಚುವ ಮೊದಲು ತುದಿಯ ಬಿಲ್ಲೆಗಳು ಬೆಳ್ಳಗೆ ಕಂಡರೆ ಹೆದರಬೇಡಿ, ಹೊಸ ಬಿಲ್ಲೆ ರಾತ್ರಿ ಬಿಳಿಯಾಗಿ ಮೂಡಿ ಬೆಳಕಿಗೆ ಹಸಿರಾಗುತ್ತದೆ. ಇಡೀ ಗಿಡವೇ ಬಿಳಿಯಾದರೆ ಮಾತ್ರ ಅದು ಮುಗಿದಂತೆ, ಅಂದೇ ತೆಗೆಯಿರಿ.

ಕೀಟೊಮಾರ್ಫಾ ಕಲ್ಲಿಗೆ ಅಂಟುವುದಿಲ್ಲ. ಡಿಸ್‌ಪ್ಲೇಯಲ್ಲಿ ಬಿಟ್ಟರೆ ಎಳೆ ತುಂಡಾಗಿ ಓವರ್‌ಫ್ಲೋ (ನೀರು ಸಂಪ್‌ಗೆ ಇಳಿಯುವ ದಾರಿ) ಕಟ್ಟಿಕೊಳ್ಳುತ್ತದೆ. ಸಂಪ್‌ನಲ್ಲಿಟ್ಟು ರಾತ್ರಿ ಹೊತ್ತು ದೀಪ ಹಚ್ಚಿದರೆ ಟ್ಯಾಂಕ್‌ನ ಪಿಎಚ್ ರಾತ್ರಿ ಕುಸಿಯುವುದು ಕಡಿಮೆಯಾಗುತ್ತದೆ.

ಕಾಲರ್ಪಾದ ಮಾತು ಬೇರೆ. ಅದರ ಇಡೀ ಬಳ್ಳಿ ಒಂದೇ ಜೀವಕೋಶ. ಸಂತಾನೋತ್ಪತ್ತಿಗೆ ಹೊರಟಿತೆಂದರೆ ಒಳಗಿದ್ದದ್ದನ್ನೆಲ್ಲ ನೀರಿಗೆ ಬಿಟ್ಟು ತಾನು ಬಣ್ಣಗೆಟ್ಟು ಕರಗುತ್ತದೆ. ನೀರು ಹಸಿರಾಗಿ ಕದಡುತ್ತದೆ, ಆಮ್ಲಜನಕ ಇಳಿಯುತ್ತದೆ, ಅದುವರೆಗೆ ಹೀರಿದ್ದ ಪೋಷಕಾಂಶವೂ ವಾಪಸ್. ಅದಿಲ್ಲದಿದ್ದರೂ ಅದರ ಬಳ್ಳಿ ಹವಳದ ಬುಡಕ್ಕೆ ನುಗ್ಗುತ್ತದೆ, ತುಂಡು ಉಳಿದರೆ ಮತ್ತೆ ಚಿಗುರುತ್ತದೆ. ಇದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ನಮ್ಮ ಕರಾವಳಿಗೆ ಎರಡು ವಿಷಯ ಮುಖ್ಯ. ಪಾಚಿಗೆ 25-26 ಡಿಗ್ರಿ ಹಿತ. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ನಂಬಿ ಕೂರಬೇಡಿ, ಗಾಳಿಯಲ್ಲಿ ಇಷ್ಟು ತೇವವಿರುವಾಗ ನೀರು ಆವಿಯಾಗುವುದೇ ಕಡಿಮೆ, ತಂಪೂ ಅಷ್ಟಕ್ಕಷ್ಟೆ. ಚಿಲ್ಲರ್ ಬೇಕು. ಇನ್ನು ನೀರು: ಕಡಲು ಪಕ್ಕದಲ್ಲೇ ಇದೆಯೆಂದು ಮಳೆಗಾಲದಲ್ಲಿ ತಣ್ಣೀರುಬಾವಿಯಿಂದ ಕ್ಯಾನ್ ತುಂಬಿಸಬೇಡಿ. ನೇತ್ರಾವತಿ, ಗುರುಪುರ ಹೊಳೆಗಳ ಕೆಂಪುನೀರು ಅಲ್ಲೇ ಪಕ್ಕದ ಅಳಿವೆಯಲ್ಲಿ ಸೇರುತ್ತದೆ, ಉಪ್ಪಿನಂಶ ಬಿದ್ದಿರುತ್ತದೆ. ಆರ್‌ಒ ನೀರಿಗೆ ರೀಫ್ ಸಾಲ್ಟ್ ಕಲಸಿ 35 ಪಿಪಿಟಿಗೆ (ಸಾವಿರಕ್ಕೆ 35 ಭಾಗ ಉಪ್ಪು) ತನ್ನಿ.

ಪಾಚಿ ತಿನ್ನುವ ಮೀನುಗಳಾದ ಟ್ಯಾಂಗ್, ರ‍್ಯಾಬಿಟ್‌ಫಿಶ್ ಇರುವ ಟ್ಯಾಂಕ್‌ಗೆ ಈ ಪ್ಯಾಕೆಟ್ ತಂದರೆ ಅದು ಅವುಗಳಿಗೆ ಊಟ. ಕ್ಲೌನ್, ಗೋಬಿ, ಕಾರ್ಡಿನಲ್ ಇದ್ದರೆ ತೊಂದರೆಯಿಲ್ಲ.

ಕತ್ತರಿಸಿದ ಪಾಚಿಯನ್ನು ಹೊಳೆಗೂ ಕಡಲಿಗೂ ಚರಂಡಿಗೂ ಬಿಡಬಾರದು. ಕೃಷಿಗೆಂದು ತಂದ ಕಪ್ಪಾಫೈಕಸ್ ಎಂಬ ಹೊರಗಿನ ಕಡಲಪಾಚಿ ಮನ್ನಾರ್ ಕೊಲ್ಲಿಯ ಹವಳಗಳ ಮೇಲೆ ಹಬ್ಬಿದ್ದನ್ನು ನೋಡಿದ ಮೇಲೂ ಹಾಗೆ ಮಾಡುವುದು ತಪ್ಪು. ಸಿಹಿನೀರಲ್ಲಿ ತೊಳೆದು ಬಿಸಿಲಿಗೆ ಗರಿಗರಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ. ಮುಂದಿನ ಸಲ ಅಂಗಡಿಯಲ್ಲಿ ಗ್ರಾಸಿಲೇರಿಯಾ ಬಿಡಿಯಾಗಿ ಕೊಡುತ್ತಾರೆಯೇ ಕೇಳಿ. ಕೊಟ್ಟರೆ ಪ್ಯಾಕೆಟ್ ಬೇಡ.