ಮೂರು ವರ್ಷ ಬಳಸಿದ ಇನ್ವರ್ಟರ್ ವೆಲ್ಡಿಂಗ್ ಮಿಷನ್: ಮಿಷನ್‌ಗೆ ನಾಲ್ಕು ಸ್ಟಾರ್, ಜೊತೆಗೆ ಬಂದ ಕ್ಲಾಂಪ್‌ಗೆ ಒಂದೇ

ತೋಟದ ಗೇಟು, ಕಲ್ಟಿವೇಟರ್ ಹಲ್ಲು, ದನದ ಕೊಟ್ಟಿಗೆಯ ಕಂಬಿ. ಇಷ್ಟಕ್ಕೆಲ್ಲ ಪೇಟೆಗೆ ಓಡಿ ಸಾಕಾಗಿ 200 ಆಂಪ್ಸ್‌ನ ಸಿಂಗಲ್ ಫೇಸ್ ಇನ್ವರ್ಟರ್ ಮಿಷನ್ ತಂದೆ. ಹೆಗಲಿಗೆ ಹಾಕಿಕೊಂಡು ಹೋಗಬಹುದು. ಹಳೇ ಟ್ರಾನ್ಸ್‌ಫಾರ್ಮರ್ ಮಿಷನ್ ಎತ್ತೋಕೆ ಇಬ್ಬರು ಬೇಕಿತ್ತು, ಅಲ್ವಾ?

ಮೊದಲ ವಾರವೇ ಎಡವಟ್ಟು. ಮನೆಯ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಿ, ವೈರನ್ನು ಸುತ್ತಿದ ಹಾಗೇ ಬಿಟ್ಟು ಕೆಲಸ ಶುರು ಮಾಡಿದೆ. ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆ. ಸುರುಳಿ ಬಿಸಿಯಾಗಿ ಪ್ಲಗ್ ಕರಗಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿ, "ಅಣ್ಣಾ, ಇದೇನು ಮಿಕ್ಸಿನಾ?" ಎಂದ. ವೆಲ್ಡಿಂಗ್ ಕರೆಂಟನ್ನು 90 ಆಂಪ್ಸ್‌ಗೆ ಇಟ್ಟು ಓಡಿಸಿದರೂ ಗೋಡೆಯ 16 ಆಂಪ್ಸ್ ಸಾಕೆಟ್ ಹೆಚ್ಚುಕಡಿಮೆ ತುಂಬಿಹೋಗುತ್ತದೆ. ನಾಬ್ ಪೂರ್ತಿ ತಿರುಗಿಸಿದರೆ ಕೇಳುವುದೇ ಬೇಡ. ಆಮೇಲೆ ಬೋರ್ಡಿನಿಂದ ಬೇರೆ ಲೈನ್ ಎಳೆಸಿದೆ: 6 ಸ್ಕ್ವೇರ್ ಎಂಎಂ ತಾಮ್ರದ ವೈರು, 32 ಆಂಪ್ಸ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು), ಇಂಡಸ್ಟ್ರಿಯಲ್ ಸಾಕೆಟ್, ಸರಿಯಾದ ಅರ್ತಿಂಗ್. ಇದರ ಖರ್ಚನ್ನು ಮಿಷನ್ ಬೆಲೆಯ ಜೊತೆಗೇ ಲೆಕ್ಕ ಹಾಕಿಕೊಳ್ಳಿ.

ನಮ್ಮ ಕಡೆ ಎಲ್ಲರೂ ಗಲಿಬಿಲಿಯಾಗುವುದು 'ಅರ್ತ್' ಎಂಬ ಪದದಲ್ಲಿ. ಕೆಲಸದ ಕಬ್ಬಿಣಕ್ಕೆ ಕಚ್ಚಿಸುವ ಕ್ಲಾಂಪನ್ನೂ ಅರ್ತ್ ಅಂತೀವಿ. ಆದರೆ ಅದು ವೆಲ್ಡಿಂಗ್ ಕರೆಂಟ್ ವಾಪಸ್ ಬರುವ ದಾರಿ ಅಷ್ಟೇ. ಮಿಷನ್‌ನ ಹೊರಗಿನ ಕವಚಕ್ಕೆ ಕರೆಂಟ್ ಇಳಿದರೆ ಕಾಯುವುದು ಪ್ಲಗ್‌ನ ಮೂರನೇ ಪಿನ್ನು. ಕ್ಲಾಂಪ್ ಹಾಕಿದ್ದೀನಲ್ಲ ಅಂತ ಆ ಪಿನ್ನು ಮುರಿದು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಮಿಷನ್ ಜೊತೆ ಬಂದ ಕ್ಲಾಂಪ್ ಮಾತ್ರ ತಗಡಿನದು, ಸ್ಪ್ರಿಂಗ್ ಸಡಿಲ. ಆರು ತಿಂಗಳಿಗೆ ಕಪ್ಪಾಯಿತು. ಹಿತ್ತಾಳೆಯದು ಹಾಕಿಸಿದ ಮೇಲೆ ಆರ್ಕ್ (ರಾಡ್ ತುದಿಯಲ್ಲಿ ಉರಿಯುವ ಕಿಡಿ) ಒದ್ದಾಡುವುದು ನಿಂತಿತು. ಬಣ್ಣ, ತುಕ್ಕು ಉಜ್ಜಿ, ಬೆಸುಗೆ ಹಾಕುವ ಜಾಗದ ಹತ್ತಿರವೇ ಕಚ್ಚಿಸಿ. ಒಮ್ಮೆ ರೋಟವೇಟರ್‌ನ ಫ್ರೇಮಿಗೆ ಕಚ್ಚಿಸಿ ಆ ಕಡೆಯ ಬ್ಲೇಡಿಗೆ ಬೆಸುಗೆ ಹಾಕಿದೆ. ಕರೆಂಟು ಬೇರಿಂಗ್ ಮೂಲಕ ಹೋಗಿ ಅದು ಹಾಳಾಯಿತು. ಟ್ರ್ಯಾಕ್ಟರ್ ಮೇಲೆ ಕೆಲಸವಿದ್ದರೆ ಮೊದಲು ಬ್ಯಾಟರಿ ಬಿಚ್ಚುತ್ತೇನೆ.

ಈಗ ಸ್ವಿಚ್ ಹಾಕುವ ಮುಂಚೆ ಮಿಷನ್‌ಗೆ ಸಿಕ್ಕಿಸುವ ಎರಡೂ ವೆಲ್ಡಿಂಗ್ ಕೇಬಲ್‌ನ ಪಿನ್ನು ತಿರುಗಿಸಿ ಬಿಗಿ ಮಾಡುತ್ತೇನೆ. ಸಡಿಲವಿದ್ದರೆ ಅಲ್ಲೇ ಕರಗುತ್ತದೆ. ರಾಡ್ ಹಿಡಿಯುವ ಹೋಲ್ಡರ್ ಸೀಳಿದೆಯಾ ನೋಡುತ್ತೇನೆ. ಸುತ್ತಲಿನ ಹುಲ್ಲು, ಅಡಿಕೆ ಸಿಪ್ಪೆ ಗುಡಿಸಿ ಒಂದು ಬಕೆಟ್ ಮರಳು ಇಟ್ಟುಕೊಳ್ಳುತ್ತೇನೆ. ಕಾಲಿಗೆ ಶೂ, ಮೈಗೆ ಕಾಟನ್. ಒದ್ದೆ ನೆಲದಲ್ಲಿ ಚಪ್ಪಲಿ ಹಾಕಿಕೊಂಡು ರಾಡ್ ಬದಲಿಸಿ ಒಮ್ಮೆ ಜುಮ್ ಅನ್ನಿಸಿಕೊಂಡಿದ್ದೇನೆ. 12 ಗೇಜ್ ರಾಡಿಗೆ (ಗೇಜ್ ನಂಬರ್ ಹೆಚ್ಚಾದಷ್ಟೂ ರಾಡ್ ತೆಳು) 70ರಿಂದ 80 ಆಂಪ್ಸ್, 10 ಗೇಜಿಗೆ 100ರಿಂದ 110 ನನಗೆ ಸರಿಹೋಗಿದೆ. ಜಿಐ ಪೈಪಾದರೆ ಸತುವಿನ ಲೇಪ ಉಜ್ಜಿ, ಬಯಲಲ್ಲೇ ಮಾಡಿ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಮಿಷನ್ ಒಳಗೆ ಧೂಳು ಬೇಗ ತುಂಬುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಹೊರಗಿನಿಂದಲೇ ಬ್ಲೋವರ್ ಹಿಡಿಯುತ್ತೇನೆ. ಒಳಗೆ ಕರೆಂಟ್ ಕೂಡಿಡುವ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಸುಮ್ನೆ ಕವರ್ ಬಿಚ್ಚಬೇಡಿ. ಸಂಜೆ ವೋಲ್ಟೇಜ್ ಇಳಿದಾಗ ರಾಡ್ ಅಂಟಿಕೊಳ್ಳುತ್ತದೆ, ಅದು ಮಿಷನ್ ತಪ್ಪಲ್ಲ. ಮೂರು ವರ್ಷದಲ್ಲಿ ರಿಪೇರಿ ಒಂದೂ ಇಲ್ಲ. ಪಕ್ಕದ ತೋಟದವರು ಕೇಳಿದರೆ ಕೊಡುತ್ತೇನೆ, ಆದರೆ ಮೊದಲು ಅವರ ಸಾಕೆಟ್ ನೋಡಿ ಬರುತ್ತೇನೆ.