ಕೊಪ್ಪಳದಲ್ಲಿ ಮಕ್ಕಳಿಗಾಗಿ ಸ್ವಯಂಸೇವೆ ಮಾಡಬೇಕು ಅನ್ನುವವರಿಗೆ: ನಾನು ಹೋಗುವ ಸಂಜೆ ಕೇಂದ್ರ ಹೇಗಿದೆ

"ವಾರಕ್ಕೆ ಒಂದೆರಡು ತಾಸು ಬಿಡುವಿದೆ, ಮಕ್ಕಳಿಗೆ ಏನಾದರೂ ಮಾಡಬೇಕು ಅನಿಸುತ್ತದೆ, ಕೊಪ್ಪಳದಲ್ಲಿ ಎಲ್ಲಿ ಹೋಗಲಿ?" ಅಂತ ಈ ವರ್ಷ ಐದಾರು ಜನ ಕೇಳಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ನಾನು ಹೋಗುವುದು ಭಾಗ್ಯನಗರದ ಕಡೆ ಇರುವ, ಮಕ್ಕಳಿಗೆ ಪಾಠ ಹೇಳಿಕೊಡುವ ಒಂದು ಸಂಜೆ ಕೇಂದ್ರಕ್ಕೆ. ಮಂಗಳವಾರ ಮತ್ತು ಶುಕ್ರವಾರ, ಆರರಿಂದ ಎಂಟು. ಒಂದೂವರೆ ವರ್ಷ ಆಯಿತು. ಹೆಸರು ಹಾಕುತ್ತಿಲ್ಲ, ನಡೆಸುವವರೇ ಬೇಡ ಅಂದಿದ್ದಾರೆ. ಅಲ್ಲಿಗೆ ಬರುವ ಕೆಲವು ಮಕ್ಕಳ ಮನೆ ವಿಷಯ ಸೂಕ್ಷ್ಮ ಇದೆ, ಮಗು ಸಂಜೆ ಎಲ್ಲಿ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತಾಗಬಾರದು. ನಿಜವಾಗಿ ಬರಬೇಕು ಅನ್ನುವವರು ನನ್ನನ್ನು ಕೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ.

ಎರಡು ಕೋಣೆ, ಒಂದು ಕಟ್ಟೆ, ಒಂದು ನೀರಿನ ಡ್ರಮ್ಮು. ಮೂವತ್ತರ ಆಸುಪಾಸು ಮಕ್ಕಳು. ಅರ್ಧ ಮಕ್ಕಳ ಅವ್ವಂದಿರು ಕೂದಲು ಬಿಡಿಸುವ ಕೆಲಸ ಮಾಡುತ್ತಾರೆ. ಈ ಕಡೆಯವರಲ್ಲದವರಿಗೆ ಹೇಳಬೇಕು, ಭಾಗ್ಯನಗರದಲ್ಲಿ ಕೂದಲಿನ ವ್ಯಾಪಾರ ದೊಡ್ಡದು. ತಲೆ ಬಾಚಿದಾಗ ಉದುರಿದ ಕೂದಲು ಮೂಟೆಗಟ್ಟಲೆ ಬರುತ್ತದೆ, ಅದರ ಗಂಟು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ, ಕಟ್ಟು ಕಟ್ಟಿ ಹೊರಗೆ ಕಳಿಸುತ್ತಾರೆ. ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಮನೆಯಲ್ಲಿ ಕೂತು ಮಾಡಿದರೆ ಮಕ್ಕಳ ಕೈಯೂ ಅದರಲ್ಲಿ ಸೇರುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ 14 ತುಂಬದ ಮಗುವನ್ನು ದುಡಿಮೆಗೆ ಹಚ್ಚುವಂತಿಲ್ಲ, ಆದರೆ ಮನೆಯವರ ಅಪಾಯವಿಲ್ಲದ ಕಸುಬಿನಲ್ಲಿ ಶಾಲೆಯ ಹೊತ್ತು ಮುಗಿದಮೇಲೆ ಕೈಜೋಡಿಸುವುದಕ್ಕೆ ಕಾನೂನು ಅವಕಾಶ ಇಟ್ಟಿದೆ. ಆ ಕೈಜೋಡಿಸುವುದು ದಿನಕ್ಕೆ ಎಷ್ಟು ತಾಸು ಅಂತ ಯಾರು ನೋಡುತ್ತಾರೆ?

ನನ್ನ ಎರಡನೇ ವಾರ ಇರಬೇಕು. ಆರನೇ ತರಗತಿಯ ಒಬ್ಬಳು ಲೆಕ್ಕ ಬಿಡಿಸಲು ಪೆನ್ಸಿಲ್ ಹಿಡಿದಳು, ಬೆರಳ ಸಂದಿಯಲ್ಲಿ ಒಂದು ಉದ್ದ ಕೂದಲು ಸುತ್ತಿಕೊಂಡಿತ್ತು. ಅದನ್ನು ಮೆಲ್ಲಗೆ ಬಿಡಿಸಿದಳು. ಕೆಳಗೆ ಹಾಕಲಿಲ್ಲ. ಬೆರಳಿಗೆ ಸುತ್ತಿ ಉಂಗುರ ಮಾಡಿ ಜೇಬಿಗೆ ಇಟ್ಟುಕೊಂಡಳು. ತೂಕದ ಲೆಕ್ಕ ಅಲ್ವಾ, ಒಂದು ಎಳೆಯನ್ನೂ ಬಿಸಾಡಬಾರದು ಅಂತ ಆ ವಯಸ್ಸಿಗೇ ಕಲಿತಿದ್ದಾಳೆ. ಅವತ್ತಿನಿಂದ ನಾನು ಒಂದು ದಿನ ತಪ್ಪಿಸಬೇಕೆಂದರೂ ಎರಡು ಸಲ ಯೋಚನೆ ಮಾಡುತ್ತೇನೆ.

ಕೇಂದ್ರದಲ್ಲಿ ನನಗೆ ಹಿಡಿಸಿದ್ದು ಮೊದಲು ಹೇಳುತ್ತೇನೆ. ಅವರು ಯಾರನ್ನೂ ಬಂದ ಕೂಡಲೇ ಮಕ್ಕಳ ಮುಂದೆ ನಿಲ್ಲಿಸುವುದಿಲ್ಲ. ನನ್ನ ಆಧಾರ್ ಪ್ರತಿ ತೆಗೆದುಕೊಂಡರು, ನನ್ನನ್ನು ಬಲ್ಲ ಇಬ್ಬರ ಫೋನ್ ನಂಬರ್ ಕೇಳಿದರು, ನಿಜವಾಗಿಯೂ ಇಬ್ಬರಿಗೂ ಫೋನ್ ಮಾಡಿದರು. ಮೊದಲ ನಾಲ್ಕು ದಿನ ಸುಮ್ನೆ ಹಿಂದೆ ಕೂತು ನೋಡಿ ಅಂದರು. ಆಗ ಬೇಜಾರಾಗಿತ್ತು. ಈಗ ಅನಿಸುತ್ತದೆ, ನನ್ನ ಮಗಳು ಹೋಗುವ ಜಾಗದಲ್ಲೂ ಹೀಗೇ ಕೇಳಬೇಕು ಅಂತ. ಯಾವ ದೊಡ್ಡವರೂ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರುವಂತಿಲ್ಲ. ಫೋಟೋ ಇಲ್ಲವೇ ಇಲ್ಲ. ಇದು ಬರೀ ಅವರ ಶಿಸ್ತಲ್ಲ: ರಕ್ಷಣೆ ಬೇಕಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಮಗುವಿನ ಹೆಸರು, ಮುಖ, ಶಾಲೆ ಹೊರಹಾಕಿದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಯಾವ ಮಗು ಯಾವಾಗ ಆ ಸಮಿತಿಯ ಮುಂದೆ ಹೋಗಬೇಕಾಗುತ್ತದೋ ಹೇಳಲಾಗದು, ಹಾಗಾಗಿ ಯಾರ ಫೋಟೋವೂ ಬೇಡ ಅನ್ನುವುದು ಇವರ ನಿಯಮ.

ಇದಕ್ಕಿಂತ ಮೊದಲು ನಾನು ಬೇರೆ ಒಂದು ಕಡೆ ಹೋಗಿದ್ದೆ. ಹೆಸರು ಬೇಡ. ಅಲ್ಲಿ ತಿಂಗಳಿಗೊಮ್ಮೆ ಯಾರದ್ದೋ ಹುಟ್ಟುಹಬ್ಬ. ಕೇಕ್ ಬರುತ್ತದೆ, ಬ್ಯಾಗ್ ಬರುತ್ತವೆ, ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿ ಬ್ಯಾಗ್ ಎತ್ತಿ ಹಿಡಿಸಿ ಫೋಟೋ ತೆಗೆಯುತ್ತಾರೆ. ಒಬ್ಬ ಹುಡುಗನ ಹತ್ತಿರ ಅಂಥ ಮೂರು ಬ್ಯಾಗ್ ಇದ್ದವು, ಗಣಿತದ ನೋಟ್‌ಬುಕ್ ಒಂದೂ ಇರಲಿಲ್ಲ. ಕೊಡುವವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮಕ್ಕಳಿಗೆ ಬೇಕಾಗಿದ್ದು ಅದಲ್ಲ, ಎರಡು ತಿಂಗಳಿಗೆ ನಾನು ಬಿಟ್ಟೆ.

ಹಾಗಾದರೆ ಬೇಕಾಗಿದ್ದು ಏನು? ಪಾಠ ಅಂತ ಅಂದುಕೊಂಡು ನಾನು ಈ ಕೇಂದ್ರಕ್ಕೆ ಹೋದೆ. ಪಾಠವೂ ಬೇಕು. ಆದರೆ ಜಾಸ್ತಿ ಬೇಕಾದದ್ದು ಜೊತೆಗೆ ಬರುವ ಒಬ್ಬರು. ಅವ್ವ ಒಬ್ಬಳೇ ಕಚೇರಿಗೆ ಹೋದರೆ ಬಾಗಿಲಲ್ಲೇ ನಿಲ್ಲುತ್ತಾಳೆ, ಪಕ್ಕದಲ್ಲಿ ಒಬ್ಬರು ಪೆನ್ನು ಹಿಡಿದು ನಿಂತಿದ್ದರೆ ಒಳಗೆ ಕುರ್ಚಿ ಸಿಗುತ್ತದೆ. ಇದನ್ನು ಬರೆಯುವುದಕ್ಕೆ ಬೇಸರ ಆಗುತ್ತದೆ, ಆದರೆ ನಾನು ಕಂಡದ್ದು ಇದೇ.

ಹೋದ ಜೂನ್‌ನಲ್ಲಿ ಒಬ್ಬ ಹುಡುಗ ಬಂದ. ಹನ್ನೊಂದು ವರ್ಷ. ಮನೆಯವರು ಎರಡು ವರ್ಷದ ಹಿಂದೆ ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸ. ಅಲ್ಲೇ ಅಪ್ಪ ತೀರಿಕೊಂಡ. ಅವ್ವ ಮಗನನ್ನು ಕಟ್ಟಿಕೊಂಡು ವಾಪಸ್ ಬಂದಳು. ಶಾಲೆಗೆ ಹೋದರೆ ಟಿಸಿ ಕೇಳಿದರು.

"ಟಿಸಿ ತೊಗೊಂಡ್ ಬಾ ಅಂತಾರ್ರೀ ಅಕ್ಕಾರ. ಎಲ್ಲಿಂದ ತರ್ಲಿ? ಅಲ್ಲಿ ಸಾಲಿಗೇ ಹಾಕಿರಲಿಲ್ಲ."

ಮುಂದಿನ ವರ್ಷ ನೋಡೋಣ ಅಂತ ಹೇಳಿ ಕಳಿಸಿದ್ದರಂತೆ. ಹನ್ನೊಂದು ವರ್ಷದ ಹುಡುಗನಿಗೆ ಮುಂದಿನ ವರ್ಷ ಅಂದರೆ ಏನು ಗೊತ್ತಾ? ಯಾವುದೋ ಗ್ಯಾರೇಜು, ಇಲ್ಲ ಹತ್ತಿ ಹೊಲ, ಇಲ್ಲ ಮತ್ತೆ ಗುಳೆ.

ಕೇಂದ್ರದ ಅಕ್ಕ ನನಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಎರಡು ಹಾಳೆ ಕೊಟ್ಟರು. 6ರಿಂದ 14 ವರ್ಷದ ಮಗುವಿಗೆ ಟಿಸಿ ತಡವಾಯಿತು ಅಂತ ಪ್ರವೇಶ ನಿಲ್ಲಿಸುವಂತಿಲ್ಲ, ಇದು 5ನೇ ಕಲಂ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವಂತಿಲ್ಲ, ಇದು 14ನೇ ಕಲಂ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದೆ ಬಿದ್ದದ್ದನ್ನು ವಿಶೇಷ ತರಬೇತಿ ಕೊಟ್ಟು ಸರಿಮಾಡಬೇಕು, ಇದು 4ನೇ ಕಲಂ. ಹನ್ನೊಂದು ವರ್ಷದವನನ್ನು ಎರಡನೇ ತರಗತಿಯ ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಅವನು ಒಂದು ವಾರವೂ ನಿಲ್ಲುವುದಿಲ್ಲ, ಇದನ್ನು ಹೇಳಲು ಕಾಯ್ದೆಯೇ ಬೇಕಿಲ್ಲ.

ನಾವು ಜಗಳ ಮಾಡಲಿಲ್ಲ. ಅವ್ವನ ಹೆಸರಲ್ಲಿ ಅರ್ಜಿ ಬರೆದೆವು, ಎರಡು ಪ್ರತಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮುಟ್ಟಿದೆ ಅಂತ ತಾರೀಕು ಸಮೇತ ಸಹಿ ಕೇಳಿದೆವು. ಈ ಸಹಿ ಕೇಳುವುದು ಬಹಳ ದೊಡ್ಡ ಕೆಲಸ, ಯಾರೂ ಕೇಳುವುದಿಲ್ಲ. ಆಮೇಲೆ ಅವರ ಊರಿನ ಹಳೇ ಶಾಲೆಗೆ ಹೋಗಿ ಹುಡುಗನ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ಗುರುತಿನ ನಂಬರ್) ತಂದೆವು. ನಾಲ್ಕು ಸಲ ಓಡಾಟ. ನಾಲ್ಕೂ ದಿನ ಆಕೆಯ ಕೂಲಿ ಹೋಯಿತು. ಹುಡುಗ ಈಗ ಆರನೇ ತರಗತಿಯಲ್ಲಿದ್ದಾನೆ, ಓದುವಾಗ ಇನ್ನೂ ಅಕ್ಷರ ಕೂಡಿಸಿಕೊಂಡು ಓದುತ್ತಾನೆ, ಆದರೆ ಶಾಲೆ ತಪ್ಪಿಸುವುದಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಗಂಡ ಇಲ್ಲದ ತಾಯಿ, ಹಾಗಾಗಿ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ (ತಿಂಗಳ ಸಹಾಯಧನ) ಅರ್ಜಿ ಹಾಕಬಹುದು ಅಂತ ಗೊತ್ತಾಯಿತು. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ವಿಧವೆಯರ ಮಕ್ಕಳು, ಅಜ್ಜಿ ಚಿಕ್ಕಮ್ಮನ ಮನೆಯಲ್ಲಿ ಬೆಳೆಯುವ ತಬ್ಬಲಿಗಳು, ತಂದೆ ತಾಯಿ ದೊಡ್ಡ ಕಾಯಿಲೆಯಲ್ಲಿರುವ ಮಕ್ಕಳು, ಇವರಿಗೆಲ್ಲ ಅನ್ವಯಿಸುತ್ತದೆ. ನಿಮ್ಮ ಓಣಿಯಲ್ಲೇ ಇಂಥ ಒಬ್ಬರು ಇರುತ್ತಾರೆ, ನೋಡಿ.

ಇದಕ್ಕಾಗಿ ಆಕೆಯ ಆಧಾರ್ ಸರಿಮಾಡಿಸಲು ಹೋದರೆ ಯಂತ್ರ ಬೆರಳು ಹಿಡಿಯಲಿಲ್ಲ. ಸಿಮೆಂಟ್ ಕಲಸಿ ಕಲಸಿ ಬೆರಳಿನ ಗೆರೆಯೇ ಸವೆದಿತ್ತು. ಕೈಯನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಇಟ್ಟಳು, ತನ್ನದೇ ತಪ್ಪು ಅನ್ನುವ ಹಾಗೆ. ಕಣ್ಣಿನಿಂದಲೂ ಗುರುತು ತೆಗೆಯಬಹುದು ಅಂತ ಆಕೆಗೆ ಹೇಗೆ ಗೊತ್ತಿರಬೇಕು? ಪಕ್ಕದಲ್ಲಿ ನಿಂತವರು ಕೇಳಬೇಕು. ಕೇಳಿದೆವು, ಆಯಿತು.

ಈಗ ಕೇಂದ್ರದ ಕೊರತೆ. ಪಾಠದ ಸಾಮಾನು ಬಹಳ ಹಳೇದು. ಹೊಸಬರಿಗೆ ಇವತ್ತು ಏನು ಕಲಿಸಬೇಕು ಅಂತ ಬರೆದಿಟ್ಟ ಪುಸ್ತಕ ಇಲ್ಲ, ಹೋದ ವಾರ ಬಂದವರು ಭಾಗಾಕಾರ ಎಲ್ಲಿಗೆ ನಿಲ್ಲಿಸಿದರು ಅಂತ ಮಕ್ಕಳನ್ನೇ ಕೇಳಬೇಕು. ಶೌಚಾಲಯ ಒಂದೇ, ಬೇಸಿಗೆಯಲ್ಲಿ ನೀರಿನ ಕಷ್ಟ. ಎಂಟು ಗಂಟೆಗೆ ಹುಡುಗಿಯರನ್ನು ಮನೆವರೆಗೆ ಬಿಡಲು ಹೆಣ್ಣುಮಕ್ಕಳು ಸಾಲದು. ಇದು ನನಗೆ ತುಂಬಾ ಚಿಂತೆಯ ವಿಷಯ, ಇಬ್ಬರು ಎಂಟನೇ ತರಗತಿ ಹುಡುಗಿಯರು ಇದೇ ಕಾರಣಕ್ಕೆ ಬಿಟ್ಟರು. ಮತ್ತೆ, ನಮ್ಮಂಥವರದ್ದೇ ಒಂದು ತಪ್ಪು: ಹುರುಪಿನಲ್ಲಿ ಬಂದು ಮೂರನೇ ವಾರಕ್ಕೆ ಕಾಣೆಯಾಗುವವರು ಬಹಳ. ಮಕ್ಕಳು ಬಾಗಿಲ ಕಡೆ ನೋಡುತ್ತಾರೆ, ಆಮೇಲೆ ಕೇಳುವುದನ್ನೂ ಬಿಡುತ್ತಾರೆ.

ಪಾಠ ಹೇಳುವುದು ಆಗದು ಅನ್ನುವವರಿಗೂ ಕೆಲಸ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಮಕ್ಕಳೇ ಎದ್ದು ನಿಂತು ಕೇಳುವ ಸಭೆ. ಕಳೆದ ಸಲ ಒಂದು ಹಳ್ಳಿಯ ಮಕ್ಕಳಿಗೆ ಪ್ರಶ್ನೆ ಬರೆಯಲು ನಾವು ಮೂವರು ಸಹಾಯ ಮಾಡಿದೆವು. ಒಬ್ಬಳು "ಸಾಲ್ಯಾಗ ಶೌಚಾಲಯ ಐತ್ರಿ, ಕೀಲಿ ಯಾರ ಹತ್ರ ಐತಿ?" ಅಂತ ಇಷ್ಟೇ ಕೇಳಿದಳು. ಸಭೆ ಮುಗಿಯುವ ಹೊತ್ತಿಗೆ ಕೀಲಿ ಬಂತು. ಆದರೆ ಸಭೆಯಾದ ಮೇಲೆ ನಡಾವಳಿ ಪುಸ್ತಕದಲ್ಲಿ ಆ ಪ್ರಶ್ನೆಗಳು ಇವೆಯೋ ಇಲ್ಲವೋ ನೋಡಿಬರಬೇಕು, ಅಲ್ಲೇ ಜನ ಬೇಕಾಗುವುದು. ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ, ಅದೂ ಇದೇ ಕೆಲಸ.

ಬಾಲ್ಯವಿವಾಹದ ಬಗ್ಗೆ ಒಂದು ಮಾತು, ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಬರೆಯಲಾಗದು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಪ್ರಕಾರ 18 ತುಂಬದ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು. ಸುದ್ದಿ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದಿನದ 24 ತಾಸು, ದುಡ್ಡಿಲ್ಲ. 2023ರಿಂದ ಅದನ್ನು ತುರ್ತು ಸಹಾಯದ 112ರ ಜೊತೆ ಜೋಡಿಸುತ್ತಾ ಬಂದಿದ್ದಾರೆ. ಸ್ವಯಂಸೇವಕರು ತಾವೇ ಮದುವೆ ಮನೆಗೆ ನುಗ್ಗಬಾರದು. ಮದುವೆ ನಿಂತ ಮರುದಿನದಿಂದ ಆ ಹುಡುಗಿ ಮನೆಯಲ್ಲಿ ಏನೇನು ಕೇಳಿಸಿಕೊಳ್ಳುತ್ತಾಳೆ, ಶಾಲೆಗೆ ವಾಪಸ್ ಬಂದಳಾ, ಅಲ್ಲಿಂದ ನಮ್ಮ ಕೆಲಸ.

ತೀರಾ ಚಿಕ್ಕ ಮಕ್ಕಳ ಬಗ್ಗೆ ಆಸೆ ಇರುವವರು ಅಂಗನವಾಡಿ ಟೀಚರ್ ಹತ್ತಿರ ತೋಳಿನ ಅಳತೆಪಟ್ಟಿ ನೋಡಲು ಕಲಿಯಿರಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, ಆ ಮಗುವನ್ನು ಕೂಡಲೇ ಡಾಕ್ಟರ್‌ಗೆ ತೋರಿಸಬೇಕು, ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಇರಿಸಬೇಕಾಗಬಹುದು. ಅಲ್ಲಿ ಎರಡು ವಾರ ಇರಬೇಕಾದರೆ ಮನೆಯಲ್ಲಿ ಉಳಿದ ಮಕ್ಕಳಿಗೆ ರೊಟ್ಟಿ ಯಾರು ಬಡಿಯುತ್ತಾರೆ ಅನ್ನುವ ಚಿಂತೆಗೇ ಅವ್ವಂದಿರು ಅರ್ಧಕ್ಕೆ ಎದ್ದು ಬರುತ್ತಾರೆ. ಆ ಮನೆಗೆ ಹತ್ತು ದಿನ ಊಟ ಮುಟ್ಟಿಸುವುದೂ ಸ್ವಯಂಸೇವೆಯೇ.

ಕೇಂದ್ರಕ್ಕೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಹುಡುಗಿಯರನ್ನು ಮನೆ ಮುಟ್ಟಿಸುವ ವ್ಯವಸ್ಥೆ ಇಲ್ಲದ್ದಕ್ಕೆ. ಖರ್ಚು ಅಂದರೆ ನಿಮ್ಮ ಪೆಟ್ರೋಲು, ಅರ್ಜಿಯ ಜೆರಾಕ್ಸು, ಅಷ್ಟೇ. ಕನಿಷ್ಠ ಆರು ತಿಂಗಳು, ಹೇಳಿದ ವಾರ ಹೇಳಿದ ಹೊತ್ತಿಗೆ ಬರಲು ಆಗುತ್ತದೆ ಅಂದರೆ ಬನ್ನಿ, ಆಗದಿದ್ದರೆ ಅಲ್ಲಿಗೆ ನೋಟ್‌ಬುಕ್ ಕಳಿಸಿ, ಅದೂ ಸಹಾಯವೇ.

ಸದ್ಯಕ್ಕೆ ಬುಧವಾರ ಯಾರೂ ಇಲ್ಲ. ಐದರಿಂದ ಏಳನೇ ತರಗತಿಯವರೆಗಿನ ಗಣಿತ. ಸ್ಕೂಟಿ ಇರುವ ಹೆಣ್ಣುಮಕ್ಕಳು ಇಬ್ಬರು ಸಿಕ್ಕರೆ ಬಿಟ್ಟುಹೋದ ಆ ಎಂಟನೇ ತರಗತಿಯವರ ಮನೆಗೆ ಹೋಗಿ ಮತ್ತೆ ಕೇಳಬಹುದು.