ದಾಸವಾಳದ ಎಲೆ ಮುಟುರು ಮತ್ತು ಒಂದು ತುಂಡು ಬೇವಿನ ಸಾಬೂನು

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತರಕಾರಿ ಬೆಳೆಗಾರರಿಗಾಗಿ ರೂಪಿಸಿದ ಬೇವಿನ ಸಾಬೂನನ್ನು ಈಗ ಪರವಾನಗಿ ಪಡೆದ ಘಟಕಗಳೂ ತಯಾರಿಸಿ ಮಾರುತ್ತವೆ. ಅಂಥ ಒಂದು ಘಟಕದ ಸಾಬೂನನ್ನು ನಮ್ಮ ಬಾಲ್ಕನಿಯ ಮೂರು ದಾಸವಾಳದ ಕುಂಡಗಳಿಗೆ ನಾಲ್ಕು ತಿಂಗಳು ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎಲೆ ಮುಟುರಿದರೆ ಇದನ್ನು ಹೊಡೆಯಿರಿ, ಸಾಕು ಎಂದು ಮಾರುವವರು ಹೇಳುತ್ತಾರೆ. ನನ್ನ ಮೂರು ಕುಂಡಗಳ ಪೈಕಿ ಒಂದರಲ್ಲಿ ಮಾತ್ರ ಆ ಮಾತು ಪೂರ್ತಿ ನಿಜವಾಯಿತು.

ಆ ಒಂದು, ಕೆಂಪು ಹೂವಿನ ಗಿಡ. ಫೆಬ್ರವರಿ ಕೊನೆಯಲ್ಲಿ ಅದರ ಕುಡಿ ಎಲೆಗಳು ದಪ್ಪವಾಗಿ, ಸುಕ್ಕುಗಟ್ಟಿ, ಮುಷ್ಟಿ ಹಿಡಿದಂತೆ ಒಂದಕ್ಕೊಂದು ಅಂಟಿಕೊಂಡವು. ಮೊಗ್ಗುಗಳು ಅರಳುವ ಮೊದಲೇ ಉದುರಿದವು. ನೀರು ಸಾಲದೆಂದು ನಾನೇ ತೀರ್ಮಾನಿಸಿ ದಿನಕ್ಕೆ ಎರಡು ಬಾರಿ ನೀರುಣಿಸಿದ್ದರಿಂದ ಮುಟುರು ಕಡಿಮೆಯಾಗುವ ಬದಲು ಬುಡದ ಎಲೆಗಳೂ ಹಳದಿಯಾದವು. ಕಾಂಡದ ಮೇಲೆ ಇರುವೆಗಳು ಸಾಲುಗಟ್ಟಿ ಓಡಾಡುತ್ತಿದ್ದುದನ್ನು ಆಗಲೇ ಗಮನಿಸಿದ್ದರೆ ಎರಡು ವಾರ ಉಳಿಯುತ್ತಿತ್ತು. ಭೂತಗನ್ನಡಿ ಹಿಡಿದು ಕುಡಿಯನ್ನು ಬಿಡಿಸಿದಾಗ ಒಳಗೆ ಹತ್ತಿಯಂಥ ಬಿಳಿ ಮುದ್ದೆ, ಅದರಡಿ ನಸುಗೆಂಪು ಬಣ್ಣದ ಹಿಟ್ಟು ತಿಗಣೆಗಳು ಕಂಡವು. ಈ ತಿಗಣೆ ರಸ ಹೀರುವಾಗ ಒಳಬಿಡುವ ಜೊಲ್ಲು ಗಿಡಕ್ಕೆ ವಿಷವಾಗುವುದರಿಂದಲೇ ದಾಸವಾಳದ ಕುಡಿ ಹೀಗೆ ಗಿಡ್ಡವಾಗಿ ಗೊಂಚಲಾಗುತ್ತದೆ. ಅದು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಬಂದು ಅದನ್ನು ಕಾಯುತ್ತವೆ.

ಸಾಬೂನಿನ ಮೊದಲ ಸಿಂಪಡಣೆ ಸಂಪೂರ್ಣ ವ್ಯರ್ಥವಾಯಿತು, ಅದಕ್ಕೆ ಕಾರಣ ಸಾಬೂನಲ್ಲ, ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿದ ಸಾಬೂನು ಮೊಸರು ಒಡೆದಂತೆ ಬಿಳಿ ಚೂರುಗಳಾಗಿ ತೇಲಿತು. ಸಿಂಪಡಿಸುವ ಬಾಟಲಿಯ ಮೂತಿಯೂ ಕಟ್ಟಿಕೊಂಡಿತು. ಪೊಟ್ಟಣದ ಮೇಲೆ ಎಲೆಕೋಸು, ಟೊಮೆಟೊಗಳಿಗೆ ಪ್ರಮಾಣ ಮುದ್ರಿಸಿದವರು ನೀರಿನ ಬಗ್ಗೆ ಒಂದು ಸಾಲು ಸೇರಿಸಬಹುದಿತ್ತು, ಕುಂಡದ ಹೂಗಿಡಗಳ ಬಗ್ಗೆ ಇನ್ನೊಂದು. ಎರಡನೇ ಬಾರಿ ಆರ್‌ಓ ನೀರು ಬಳಸಿ, ಲೀಟರಿಗೆ 5 ಗ್ರಾಂನಂತೆ ತುರಿದು, ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಮೊದಲು ಕರಗಿಸಿ, ಬಟ್ಟೆಯಲ್ಲಿ ಸೋಸಿದೆ. ಅದಕ್ಕೂ ಮುಂಚೆ ತೀರಾ ಮುದುಡಿದ ಕುಡಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆದೆ, ಏಕೆಂದರೆ ಮಡಿಕೆಯೊಳಗೆ ಅಡಗಿದ ಹುಳಕ್ಕೆ ಯಾವ ಸಾಬೂನೂ ತಾಗುವುದಿಲ್ಲ. ಒಂದೆರಡು ಎಲೆಗಳ ಮೇಲೆ ಪರೀಕ್ಷಿಸಿ, ಎರಡು ದಿನ ಕಾದು, ಸುಟ್ಟ ಕಲೆ ಬೀಳದಿದ್ದುದನ್ನು ಖಚಿತಪಡಿಸಿಕೊಂಡ ಬಳಿಕ ಸಂಜೆ ಹೊತ್ತಿನಲ್ಲಿ ಎಲೆಗಳ ಕೆಳಭಾಗ ತೊಯ್ಯುವಂತೆ ಸಿಂಪಡಿಸಿದೆ. ಬೇವಿನಲ್ಲಿರುವ ಕೀಟನಾಶಕ ಅಂಶವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಬೆಳಗಿನ ಸಿಂಪಡಣೆಗಿಂತ ಸಂಜೆಯದು ಲಾಭದಾಯಕ. ವಾರಕ್ಕೊಮ್ಮೆ ನಾಲ್ಕು ಬಾರಿ ಹೀಗೆ ಮಾಡಿದ ಮೇಲೆ ಇರುವೆಗಳು ಹೊರಟುಹೋದವು, ಹೊಸ ಚಿಗುರು ನೇರವಾಗಿ ಬಂತು, ಏಪ್ರಿಲ್ ನಡುವಿನಲ್ಲಿ ಹೂ ಅರಳಿತು. ಮೊದಲೇ ಮುಟುರಿದ್ದ ಹಳೆಯ ಎಲೆಗಳು ಮಾತ್ರ ಹಾಗೆಯೇ ಉಳಿದವು. ಅವು ಬಿಡಿಸಿಕೊಳ್ಳುತ್ತವೆಂದು ಕಾಯುವುದು ಬೇಡ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಬಿಳಿ ಮೇಣದ ಎಳೆಗಳನ್ನು ಹೊದ್ದು ಚುರುಕಾಗಿ ಹರಿದಾಡುವ ಮರಿಹುಳು ಕಂಡರೆ ಅದನ್ನು ಹೊಸಕಬೇಡಿ. ಅದು ತಿಗಣೆಗಳನ್ನೇ ತಿಂದು ಬದುಕುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯಿರಬಹುದು. ಕಾಫಿಯ ಕೀಟಗಳ ಹತೋಟಿಗೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಜಾತಿಯದು. ನನ್ನ ಮೊದಲ ಅವಸರದಲ್ಲಿ ಎರಡನ್ನು ಕೊಂದೆನೆಂಬ ಅನುಮಾನ ನನಗಿದೆ.

ಹಳದಿ ಹೂವಿನ ಹೈಬ್ರಿಡ್ ಗಿಡದಲ್ಲಿ ಸಾಬೂನು ಸೋತಿತು. ಅದರ ಎಲೆಗಳ ಅಂಚು ಕೆಳಮುಖವಾಗಿ ಬಾಗಿ, ಎಲೆ ಕಿರಿದಾಗಿ, ಗಡುಸಾಗಿತ್ತು. ಹುಳು ಕಣ್ಣಿಗೆ ಬೀಳಲಿಲ್ಲ. ಮೆಣಸಿನಕಾಯಿ ಬೆಳೆಯುವವರು ಎಲೆ ದೋಣಿಯಂತೆ ಮೇಲಕ್ಕೆ ಮುಟುರಿದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಮುಟುರಿದರೆ ನುಸಿ ಎಂದು ಲೆಕ್ಕ ಹಾಕುತ್ತಾರೆ. ಅದೇ ಲೆಕ್ಕ ಹಿಡಿದು, ಸಾಬೂನು ನಿಲ್ಲಿಸಿ ಮೂರು ವಾರ ಕಳೆದ ಬಳಿಕ, ಮೋಡ ಕವಿದ ಒಂದು ಸಂಜೆ ನುಸಿಗೆಂದು ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಿದೆ. ಈ ಅಂತರ ಅನಿವಾರ್ಯ: ಎಣ್ಣೆಯಂಶವಿರುವ ಎಲೆಯ ಮೇಲೆ ಗಂಧಕ ಬಿದ್ದರೆ ಎಲೆ ಸುಡುತ್ತದೆ, ಬಿರುಬಿಸಿಲಿನಲ್ಲಂತೂ ಸುಡಲು ಗಂಧಕವೊಂದೇ ಸಾಕು. ಎರಡು ಸಿಂಪಡಣೆಗಳಲ್ಲಿ ಗಿಡ ಚೇತರಿಸಿಕೊಂಡಿತು.

ಬಿಳಿ ಹೂವಿನ ಗಿಡಕ್ಕೆ ರೋಗವೇ ಇರಲಿಲ್ಲ. ಮಧ್ಯಾಹ್ನ ಸುರುಳಿಯಾದ ಎಲೆ ಮರುದಿನ ಬೆಳಿಗ್ಗೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಪಶ್ಚಿಮದ ಬಿಸಿಲು ಮತ್ತು ಬೇರು ತುಂಬಿದ ಸಣ್ಣ ಕುಂಡವೇ ಕಾರಣವಾಗಿದ್ದವು. ಕುಂಡ ಬದಲಿಸಿದ್ದರಿಂದಲೇ ಅದು ಸರಿಹೋಯಿತು, ಅದಕ್ಕೆ ಸುರಿದ ಸಾಬೂನು ದಂಡವಾಯಿತು.

ಬೇವಿನ ಘಾಟು ಒಂದು ರಾತ್ರಿ ಬಾಲ್ಕನಿಯಲ್ಲಿ ನಿಲ್ಲುತ್ತದೆ, ಹಾಗಾಗಿ ಮಲಗುವ ಕೋಣೆಯ ಕಿಟಕಿ ಮುಚ್ಚಬೇಕಾಗುತ್ತದೆ. 5 ಗ್ರಾಂ ತೂಗಲು ಸಣ್ಣ ತಕ್ಕಡಿಯೂ ಬೇಕು. ಆದರೂ ನಾಲ್ಕು ತಿಂಗಳಲ್ಲಿ ತುಂಡಿನ ಕಾಲು ಭಾಗವೂ ಮುಗಿದಿಲ್ಲ. ಹಿಟ್ಟು ತಿಗಣೆ ಅಥವಾ ಸಸ್ಯಹೇನು ಕಣ್ಣಿಗೆ ಕಂಡವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಉಳಿದ ತುಂಡನ್ನು ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿಡಿ, ಕರಗಿಸಿದ ನೀರನ್ನು ಮಾತ್ರ ಅಂದೇ ಬಳಸಿ ಮುಗಿಸಿ.